ರಾಟೆಯ ಮೇಲೆ ಅರವತ್ತಮೂರು ಜನ

ಆ ವಾರ ಮನೆಯಲ್ಲಿ ಮೊದಲ ಜಗಳ ಶುರುವಾದದ್ದು ಬೇಯಿಸಿದ ಮೊಟ್ಟೆಯಿಂದ.

"ಇದು ಬೆಂದಿದೆಯಾ?" ಎಂದು ಗಂಡ ಮೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿದ.

"ಹತ್ತು ನಿಮಿಷ ಕುದಿಸಿದೀನಿ," ಎಂದಳು ಬೇಕರಿಯಕ್ಕ.

"ಹತ್ತೇ ನಿಮಿಷ ಅಂತ ಯಾರು ಹೇಳಿದ್ದು? ಇದಕ್ಕೂ ಫೋನಲ್ಲಿ ಟೈಮ್ ಕೊಡ್ತಾರಾ?"

ಮಗಳು ತಟ್ಟೆಯಿಂದ ತಲೆ ಎತ್ತಿದಳು. "ಅಪ್ಪಾ, ನನಗೆ ಹೇಳೋದಿದ್ರೆ ನನಗೇ ಹೇಳು. ಪಾಪ, ಆ ಮೊಟ್ಟೆ ಏನು ಮಾಡಿದೆ?"

"ನಿನಗೆ ಹೇಳೋಕೆ ನಾನ್ಯಾರು? ನೀನು ಕುರ್ಚಿ ಮೇಲೆ ಕೂರೋಳು."

ಬೇಕರಿಯಕ್ಕ ನಡುವೆ ಬಾಯಿ ಹಾಕಲಿಲ್ಲ. ಬೆಳಗಿನ ಜಾವಕ್ಕೇ ಹೋಗಿ ಮಧ್ಯಾಹ್ನದವರೆಗೆ ನಿಂತೇ ಬ್ರೆಡ್ಡಿನ ಪೊಟ್ಟಣ ಕಟ್ಟಿ ಬರುವವಳಿಗೆ ಸಂಜೆ ಹೊತ್ತಿಗೆ ಕಾಲಿನಲ್ಲೂ ಜೀವವಿರುತ್ತಿರಲಿಲ್ಲ, ನಾಲಿಗೆಯಲ್ಲೂ ಇರುತ್ತಿರಲಿಲ್ಲ. ಬೀದಿಯವರೆಲ್ಲ ಅವಳನ್ನು ಬೇಕರಿಯಕ್ಕ ಎಂದೇ ಕರೆಯುತ್ತಿದ್ದರು. ಗಂಡನಿಗೆ ರಾಟೆಯಣ್ಣ ಎಂಬ ಹೆಸರು ಬಿದ್ದು ಹತ್ತೊಂಬತ್ತು ವರ್ಷವಾಗಿತ್ತು. ಊರ ಹೊರಗಿನ ಮನರಂಜನಾ ಪಾರ್ಕಿನಲ್ಲಿ ದೊಡ್ಡ ರಾಟೆಯ, ಅಂದರೆ ಜೈಂಟ್ ವೀಲಿನ, ಬುಡದಲ್ಲಿ ನಿಂತು ಜನರನ್ನು ಮೂವತ್ತೆರಡು ತೊಟ್ಟಿಲುಗಳಿಗೆ ಹತ್ತಿಸುವುದು, ಇಳಿಸುವುದು ಅವನ ಕೆಲಸ. ಸಾಲು ಎಷ್ಟೇ ಉದ್ದವಿರಲಿ, ಅವನಿದ್ದ ಕಡೆ ಜನಕ್ಕೆ ಕಾಯುವುದು ಬೇಸರವಾಗುತ್ತಿರಲಿಲ್ಲ. "ಮುಂದೆ ಬನ್ನಿ, ಮುಂದೆ ಬನ್ನಿ! ನನ್ನ ಕೈಯಲ್ಲಿ ಮೇಲೆ ಹೋದವರೆಲ್ಲ ವಾಪಸ್ ಬಂದೇ ಬರ್ತಾರೆ, ಡಾಕ್ಟರು ಕೂಡ ಈ ಗ್ಯಾರಂಟಿ ಕೊಡಲ್ಲ!" ಎಂದು ಕೂಗುತ್ತಿದ್ದ. ಅಳುವ ಮಕ್ಕಳು ನಗುತ್ತಿದ್ದರು, ನಗುವ ಮುದುಕರಿಗೆ ಕೆಮ್ಮು ಬರುತ್ತಿತ್ತು.

ಈಗ ಸಾಲೇ ಇರಲಿಲ್ಲ. ಒಂದು ತಿಂಗಳಿಂದ ಪಾರ್ಕಿನಲ್ಲಿ ಹೊಸ ವ್ಯವಸ್ಥೆ ಬಂದಿತ್ತು. ಒಳಗೆ ಬಂದವರು ಯಾವ ಆಟಕ್ಕೂ ಸಾಲಿನಲ್ಲಿ ನಿಲ್ಲುವ ಹಾಗಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಫೋನಿನಲ್ಲಿ ಒಂದೊಂದು ಆಟಕ್ಕೂ ಹೊತ್ತು ಕಾದಿರಿಸಬೇಕು. ಒಬ್ಬರಿಗೆ ದಿನಕ್ಕೆ ನಾಲ್ಕೇ ಆಟ. ಕೊಟ್ಟ ಹೊತ್ತಿನಿಂದ ಹದಿನೈದು ನಿಮಿಷದೊಳಗೆ ಬರದಿದ್ದರೆ ಸರದಿ ರದ್ದು. ರಾಟೆಯಣ್ಣನ ಕೈಗೆ ಒಂದು ಸ್ಕ್ಯಾನರ್ ಕೊಟ್ಟಿದ್ದರು. ಫೋನಿಗೆ ಹಿಡಿದರೆ ಹಸಿರು ದೀಪ ಇಲ್ಲವೇ ಕೆಂಪು ದೀಪ. ಹಸಿರಾದರೆ ಒಳಗೆ ಬಿಡು, ಕೆಂಪಾದರೆ ಕಳಿಸು. ಮಾತಾಡುವುದಕ್ಕೇನೂ ಉಳಿದಿರಲಿಲ್ಲ, ಬೈಸಿಕೊಳ್ಳುವುದನ್ನು ಬಿಟ್ಟರೆ.

ಮಗಳು ಕೆಲಸ ಮಾಡುತ್ತಿದ್ದದ್ದೂ ಅದೇ ಪಾರ್ಕಿನಲ್ಲಿ. ಟಿಕೆಟ್ ಕಿಟಕಿಯಲ್ಲಿ ಎರಡು ವರ್ಷ ನಿಂತವಳು. ಹೊಸದನ್ನು ಬೇಗ ಕಲಿತಳೆಂದು ಅವಳನ್ನು ಸಹಾಯ ಕೇಂದ್ರಕ್ಕೆ ಹಾಕಿ, ಎದುರಿಗೆ ಪರದೆ, ಕೆಳಗೆ ಗಾಲಿಯ ಕುರ್ಚಿ ಕೊಟ್ಟಿದ್ದರು. ಆ ಮನೆಯಲ್ಲಿ ಕೂತು ಕೆಲಸ ಮಾಡುವವರಲ್ಲಿ ಅವಳೇ ಮೊದಲಿಗಳು. ಮೊದಲ ದಿನ ಮನೆಗೆ ಬಂದು, "ಅಮ್ಮಾ, ಕಾಲು ನೋಯ್ತಾನೇ ಇಲ್ಲ!" ಎಂದಿದ್ದಳು. ಬೇಕರಿಯಕ್ಕ ಆ ಮಾತು ಕೇಳಿ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಿದ್ದಳು. ಚಿಕ್ಕಂದಿನಿಂದ ಚುರುಕಿನವಳೆಂದು ಅಜ್ಜಿ ಇಟ್ಟ ಹೆಸರು ಚೂಟಿ. ಈಗ ಸಹಾಯ ಕೇಂದ್ರದಲ್ಲೂ ಅದೇ ಹೆಸರು.

"ಇವತ್ತು ಏನಾಯ್ತು ಗೊತ್ತಾ?" ರಾಟೆಯಣ್ಣ ಹೆಂಡತಿಯ ಕಡೆ ತಿರುಗಿ ಹೇಳಿದ, ಮಗಳಿಗೆ ಕೇಳಲೆಂದೇ. "ಮೂವತ್ತೆರಡು ತೊಟ್ಟಿಲಲ್ಲಿ ಇಪ್ಪತ್ತು ಖಾಲಿ. ಖಾಲಿ ತಿರುಗ್ತಾ ಇದೆ. ಕೆಳಗೆ ನೂರು ಜನ ಬೇಲಿ ಹಿಡ್ಕೊಂಡು ನೋಡ್ತಾ ನಿಂತಿದಾರೆ. ಬುಕ್ ಮಾಡಿದೋರು ಬರಲಿಲ್ಲ, ಬಂದೋರು ಬುಕ್ ಮಾಡಿಲ್ಲ. ಒಬ್ಬ ನನ್ನ ಮುಖಕ್ಕೆ ಐಸ್‌ಕ್ರೀಮ್ ಎಸೆದ."

"ಮೊದಮೊದಲು ಹಾಗೇ ಇರುತ್ತೆ ಅಪ್ಪ. ಜನಕ್ಕೆ ಅಭ್ಯಾಸ ಆಗ್ಬೇಕು."

"ನಿನ್ನ ಮುಖಕ್ಕೆ ಎಸೆದಿದ್ರೆ ಹೀಗೇ ಹೇಳ್ತಿದ್ಯಾ?"

"ನನಗೂ ಬೈತಾರೆ. ಗಾಜಿನ ಆಚೆಯಿಂದ ಬೈತಾರೆ, ಅಷ್ಟೇ."

ಗೋಡೆ ಬದಿಯ ಕುರ್ಚಿಯಲ್ಲಿ ಕೂತು ಹಾಲಿನಲ್ಲಿ ಬ್ರೆಡ್ ಅದ್ದುತ್ತಿದ್ದ ಅತ್ತೆ ಆಗ ಬಾಯಿ ತೆರೆದರು. ಎಪ್ಪತ್ತೆಂಟು ವರ್ಷದ ಮುದುಕಿ. ಮಂಡಿ ಹೋಗಿತ್ತು, ಕಿವಿ ಮಾತ್ರ ಚೆನ್ನಾಗಿತ್ತು. "ಮುಂದಿನ ತಿಂಗಳು ನಿನ್ನನ್ನ ರಾಟೆಯಿಂದ ತೆಗೀತಾರಂತೆ, ಹೌದೇನೋ?"

ಅದನ್ನು ಮುದುಕಿಗೆ ಹೇಳಬಾರದೆಂದು ಮೂವರೂ ಮಾತಾಡಿಕೊಂಡಿದ್ದರು.

"ಯಾರಮ್ಮ ಹೇಳಿದ್ದು?"

"ಗೋಡೆ ಹೇಳ್ತು. ನೀವು ಪಿಸುಪಿಸು ಅಂದ್ರೆ ಬೀದಿಗೆಲ್ಲ ಕೇಳುತ್ತೆ."

ಹೌದು ಎನ್ನಬೇಕಾಯಿತು. ತಾನೇ ತೆರೆದು ಮುಚ್ಚಿಕೊಳ್ಳುವ ಗೇಟು ಬರಲಿದೆ, ಅವನನ್ನು ವಾಹನ ನಿಲ್ಲಿಸುವ ಕಡೆಗೆ ಹಾಕುತ್ತಾರೆ ಎಂದು ಅವನು ತಟ್ಟೆ ನೋಡುತ್ತ ಹೇಳಿದ. ಮುದುಕಿ ಬ್ರೆಡ್ ಪೂರ್ತಿ ತಿಂದು, ಲೋಟ ಖಾಲಿ ಮಾಡಿ, ಬಾಯಿ ಒರೆಸಿಕೊಂಡರು.

"ಹಾಗಾದ್ರೆ ಈ ಸಲ ನಾನು ಹತ್ತುತೀನಿ."

"ಏನು ಹತ್ತುತೀಯ?"

"ರಾಟೆ. ಹತ್ತೊಂಬತ್ತು ವರ್ಷ ಊರವರ ಮಕ್ಕಳನ್ನೆಲ್ಲ ಮೇಲೆ ಕಳಿಸಿದೀಯ. ಹೆತ್ತೋಳು ನಾನು ಮಾತ್ರ ಕೆಳಗೆ ಬೆಂಚಿನ ಮೇಲೆ ಕೂತು ಚೀಲ ಕಾಯ್ತಿದ್ದೆ. ಭಯ ಅಂತ ಹೇಳ್ತಿದ್ದೆ. ಇನ್ನು ಈ ವಯಸ್ಸಲ್ಲಿ ಎಂಥಾ ಭಯ?"

ಆವತ್ತು ಮೊದಲ ಸಲ ರಾಟೆಯಣ್ಣ ನಕ್ಕ. ಮಗಳೂ ನಕ್ಕಳು. ವರ್ಷಕ್ಕೊಮ್ಮೆ ಪಾರ್ಕಿನ ಕೆಲಸಗಾರರ ಮನೆಯವರನ್ನು ಪುಕ್ಕಟೆ ಒಳಗೆ ಬಿಡುವ ದಿನ ಬರುತ್ತಿತ್ತು. ಅದಕ್ಕಿನ್ನು ಎರಡು ವಾರವಿತ್ತು.

"ಅಜ್ಜಿಗೆ ನಾನೇ ಬುಕ್ ಮಾಡಿಕೊಡ್ತೀನಿ," ಎಂದಳು ಚೂಟಿ.

ಆ ಎರಡು ವಾರ ಮನೆ ಸ್ವಲ್ಪ ತಣ್ಣಗಿತ್ತು. ಮುದುಕಿ ದಿನಾ ಸಂಜೆ ಕೋಲೂರಿಕೊಂಡು ಹೊಸಿಲಿನಿಂದ ಬೀದಿಯ ನಲ್ಲಿಯವರೆಗೆ ನಡೆದು ಅಭ್ಯಾಸ ಮಾಡಿದರು. "ಮೇಲಿಂದ ನಮ್ಮನೆ ಕಾಣುತ್ತೇನೋ?" ಎಂದು ಕೇಳಿದರು. "ಮನೆ ಕಾಣಲ್ಲ, ಬೇಕರಿಯ ಹೊಗೆ ಕಾಣುತ್ತೆ," ಎಂದ ಮಗ. ಟ್ರಂಕಿನ ತಳದಿಂದ ನೀಲಿ ಸೀರೆ ತೆಗೆದು ಬೇಕರಿಯಕ್ಕನ ಕೈಗೆ ಕೊಟ್ಟು ಇಸ್ತ್ರಿ ಮಾಡಿಸಿಕೊಂಡರು. ರಾಟೆಯಣ್ಣ ಮಾತ್ರ ದಿನದಿಂದ ದಿನಕ್ಕೆ ಇಳಿದು ಹೋಗುತ್ತಿದ್ದ. ಸಂಜೆ ಬಂದು ಶರ್ಟು ಬಿಚ್ಚಿ, ಕೈತೊಳೆದು, ಅದೇ ಕಥೆ. ಇವತ್ತು ಯಾರೋ ಹೆಂಗಸು ಅತ್ತಳು. ಇವತ್ತು ಯಾರೋ ಅವನ ಕಾಲರ್ ಹಿಡಿದರು. ಫೋನಿನ ಚಾರ್ಜ್ ಮುಗಿದು ಹೋದ ಒಬ್ಬ ಅಪ್ಪ ಮೂರು ಮಕ್ಕಳನ್ನು ಕರೆದುಕೊಂಡು ನಾಲ್ಕು ಗಂಟೆ ಹೊತ್ತು ಬೇಲಿ ಹತ್ತಿರ ಕೂತಿದ್ದ.

"ಬಿಟ್ಟುಬಿಡಬೇಕಿತ್ತು ಅಪ್ಪ ಅವರನ್ನ," ಎಂದಳು ಚೂಟಿ ಒಮ್ಮೆ, ನಿಯಮ ಮರೆತು.

"ನೀನೇ ಕಲಿಸಿದ್ಯಲ್ಲ, ಕೆಂಪು ಬಂದ್ರೆ ಬಿಡಬಾರದು ಅಂತ!"

ಅವಳು ಬೇಳೆಯ ಪಾತ್ರೆ ಹತ್ತಿರ ಎಳೆದುಕೊಂಡು ಬಡಿಸಿಕೊಂಡಳು.

ಆ ದಿನ ಬಂತು. ಬೇಕರಿಯಕ್ಕ ರಜೆ ಹಾಕಿದ್ದಳು. ಅಪ್ಪ ಮಗಳಿಬ್ಬರೂ ಏಳಕ್ಕೇ ಕೆಲಸಕ್ಕೆ ಹೋಗಿದ್ದರು. ಅತ್ತೆ ಸೊಸೆ ಎಂಟೂವರೆಗೆ ಗೇಟಿನ ಮುಂದೆ ನಿಂತರು. ಮಗಳಿಗೆ ಆ ಹೊತ್ತಿಗೆ ಬಿಡುವಿಲ್ಲವೆಂದು, ಒಂಬತ್ತಕ್ಕೆ ಸರಿಯಾಗಿ ಬೇಕರಿಯಕ್ಕನೇ ಅವಳು ಹೇಳಿಕೊಟ್ಟಂತೆ ಫೋನು ಒತ್ತಿದಳು. ಪರದೆಯ ನಡುವೆ ಒಂದು ಚಕ್ರ ತಿರುಗತೊಡಗಿತು. ತಿರುಗುತ್ತಲೇ ಇತ್ತು. ಸುತ್ತ ನಿಂತಿದ್ದವರೆಲ್ಲ ಕತ್ತು ಬಗ್ಗಿಸಿ ಅದೇ ಚಕ್ರ ನೋಡುತ್ತಿದ್ದರು. ಒಂಬತ್ತು ಗಂಟೆ ನಾಲ್ಕು ನಿಮಿಷಕ್ಕೆ ಚಕ್ರ ನಿಂತು ಅಕ್ಷರ ಬಂತು: ರಾಟೆಗೆ ಇಂದಿನ ಎಲ್ಲ ಸರದಿಗಳು ಮುಗಿದಿವೆ.

"ಏನಂತೆ?" ಎಂದರು ಅತ್ತೆ.

"ಸ್ವಲ್ಪ ಕಾಯ್ಬೇಕಂತೆ ಅತ್ತೆ."

ಸಹಾಯ ಕೇಂದ್ರದ ಮುಂದೆ ಎಂಬತ್ತು ಜನರ ಸಾಲಿತ್ತು. ಸಾಲೇ ಬೇಡವೆಂದು ಮಾಡಿದ ವ್ಯವಸ್ಥೆಗೆ ಇದ್ದದ್ದು ಅದೊಂದೇ ಸಾಲು. ಗಾಜಿನ ಹಿಂದೆ ಮಗಳು ಯಾರಿಗೋ ಕೈಮುಗಿದು ಏನೋ ಹೇಳುತ್ತಿದ್ದಳು, ಆ ಮನುಷ್ಯ ಗಾಜಿಗೆ ಬಡಿಯುತ್ತಿದ್ದ. ಮನೆಯಲ್ಲಿ ಮಗಳು ಗಾಜಿನ ಆಚೆಯಿಂದ ಬೈತಾರೆ ಎಂದಾಗ ಬೇಕರಿಯಕ್ಕ ಅದನ್ನು ಇಷ್ಟೆಂದು ತಿಳಿದಿರಲಿಲ್ಲ. ಒಂದೂವರೆ ಗಂಟೆಯ ನಂತರ ಇವರ ಪಾಳಿ ಬಂತು. ಚೂಟಿ ತಾಯಿಯ ಮುಖ ನೋಡಿ, ಬೆರಳಾಡಿಸಿ, ಯಾರೋ ರದ್ದು ಮಾಡಿದ ಎರಡು ಜಾಗ ಹುಡುಕಿದಳು.

"ಮೂರು ಇಪ್ಪತ್ತಕ್ಕೆ. ಮೂರು ಮೂವತ್ತೈದರ ಒಳಗೆ ಅಲ್ಲಿರ್ಬೇಕು. ಅಜ್ಜಿ, ಬೇಗ ಹೊರಡು, ಆಯ್ತಾ?"

"ನಿನ್ನ ಮುಖ ಯಾಕೆ ಹೀಗೆ ಬಾಡಿದೆ? ತಿಂಡಿ ತಿಂದ್ಯಾ?" ಎಂದರು ಅಜ್ಜಿ. ಹಿಂದಿನವರು ತಳ್ಳಿದರು.

ಐದು ಗಂಟೆ ಕಾಲ ಕಳೆಯಬೇಕಿತ್ತು. ನೆರಳಿರುವ ಬೆಂಚುಗಳೆಲ್ಲ ತುಂಬಿದ್ದವು. ರಾಟೆಯ ಹತ್ತಿರವೇ ಕೂರೋಣವೆಂದರೆ ಅಲ್ಲಿ ಬಿಸಿಲು, ಮುದುಕಿಗೆ ತಲೆ ತಿರುಗಿತು. ಕೊನೆಗೆ ಪಾರ್ಕಿನ ಇನ್ನೊಂದು ಮೂಲೆಯಲ್ಲಿ, ಬೊಂಬೆಗಳ ಮನೆಯ ಹಿಂದೆ ಜಾಗ ಸಿಕ್ಕಿತು. ತಂದಿದ್ದ ಬ್ರೆಡ್ಡು, ಆಲೂಗಡ್ಡೆ ತಿಂದರು. ಮುದುಕಿ ಸ್ವಲ್ಪ ತೂಕಡಿಸಿದರು. ಎರಡೂ ಮುಕ್ಕಾಲಿಗೇ ಬೇಕರಿಯಕ್ಕ ಅವರನ್ನು ಎಬ್ಬಿಸಿದಳು. ಹತ್ತು ಹೆಜ್ಜೆಗೊಮ್ಮೆ ನಿಂತು ನಡೆಯುತ್ತಿದ್ದಾಗ ನಡುದಾರಿಗೆ ಹಗ್ಗ ಕಟ್ಟಿದರು. ಬೊಂಬೆವೇಷದವರ ಮೆರವಣಿಗೆ. ಕರಡಿ ಹೋಯಿತು, ಆನೆ ಹೋಯಿತು, ಬಾತುಕೋಳಿಗಳು ಒಂದೊಂದಾಗಿ ಕೈಬೀಸುತ್ತ ಹೋದವು. ಬೇಕರಿಯಕ್ಕ ಹಗ್ಗ ಹಿಡಿದವನನ್ನು ಬೇಡಿಕೊಂಡಳು. "ಹತ್ತೇ ನಿಮಿಷ ಅಕ್ಕಾ," ಎಂದ ಅವನು, ಹದಿನೆಂಟು ನಿಮಿಷ ಬಿಡಲಿಲ್ಲ.

ರಾಟೆಯ ಬಾಗಿಲಿಗೆ ಬಂದಾಗ ಮೂರು ಮೂವತ್ತಾರು.

ರಾಟೆಯಣ್ಣ ಸರಪಳಿಯ ಹಿಂದೆ ನಿಂತಿದ್ದ. ಬೇಲಿಯ ಸುತ್ತ ಜನ, ಸರದಿ ಸಿಗದವರು, ಸರದಿ ತಪ್ಪಿದವರು. ಅವನು ತಾಯಿಯನ್ನು ಕಂಡು ಅರಳಿದ. ಹೆಂಡತಿ ಫೋನು ಮುಂದೆ ಹಿಡಿದಳು. ಸ್ಕ್ಯಾನರ್ ಕೆಂಪಾಯಿತು. ಅವನು ಫೋನಿನ ಗಾಜನ್ನು ತೋಳಿಗೆ ಒರೆಸಿ ಮತ್ತೆ ಹಿಡಿದ. ಕೆಂಪು. ಮೂರನೆಯ ಸಲವೂ ಕೆಂಪು.

"ಏನಂತೋ?" ಎಂದರು ಮುದುಕಿ. ನೀಲಿ ಸೀರೆಯ ಬೆನ್ನು ಬೆವರಿಗೆ ಒದ್ದೆಯಾಗಿ ಕಪ್ಪಾಗಿತ್ತು.

"ನಿನ್ನ ಟೈಮ್ ಮುಗೀತಂತೆ ಅಮ್ಮ," ಎಂದ ಅವನು. ಹೇಳಿದ ಮೇಲೆ ಆ ಮಾತು ಅವನಿಗೇ ಕೇಳಿಸಿತು. ಅವನ ಮುಖ ಹೇಗಾಯಿತೆಂದರೆ, ಬೇಕರಿಯಕ್ಕ ಬೇರೆ ಕಡೆ ನೋಡಿದಳು.

"ಇರಲಿ ಬಿಡು," ಎಂದರು ಮುದುಕಿ. "ನಾನು ಇಲ್ಲೇ ಕೂತು ನೋಡ್ತೀನಿ. ಯಾವಾಗಲೂ ಕೂರ್ತಿದ್ನಲ್ಲ."

ಅವನ ಬೆನ್ನ ಹಿಂದೆ ಖಾಲಿ ತೊಟ್ಟಿಲೊಂದು ಇಳಿದು ಬಂತು. ಅದರ ಹಿಂದೆ ಇನ್ನೊಂದು. ಅವನು ಸ್ಕ್ಯಾನರನ್ನು ಕೊರಳಿಂದ ತೆಗೆದು ಕಂಬಕ್ಕೆ ನೇತುಹಾಕಿದ. ಸರಪಳಿ ಬಿಚ್ಚಿದ. ತಾಯಿಯ ಕಂಕುಳಿಗೆ ಕೈಕೊಟ್ಟು ತೊಟ್ಟಿಲಲ್ಲಿ ಕೂರಿಸಿ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿ, ಅಡ್ಡಕಂಬಿ ಹಾಕಿ ಎರಡು ಸಲ ಎಳೆದು ನೋಡಿದ. ಆಮೇಲೆ ಬೇಲಿಯ ಕಡೆ ತಿರುಗಿದ.

"ಏನು ನೋಡ್ತಿದೀರಾ? ಬನ್ನಿ! ಎಲ್ಲಾ ಬನ್ನಿ! ಸಾಲಾಗಿ ನಿಲ್ಲಿ, ನೂಕಬೇಡಿ! ನನ್ನ ಕೈಯಲ್ಲಿ ಮೇಲೆ ಹೋದವರು ವಾಪಸ್ ಬಂದೇ ಬರ್ತಾರೆ!"

ಜನ ಓ ಎಂದು ಕೂಗಿದರು. ಯಾರೂ ನೂಕಲಿಲ್ಲ. ಮಕ್ಕಳನ್ನು ಮುಂದೆ ಬಿಟ್ಟುಕೊಂಡು ತಾವಾಗಿಯೇ ಸಾಲಾದರು. ರಾಟೆ ಒಂದೊಂದು ತೊಟ್ಟಿಲಿಗೆ ನಿಂತು ನಿಂತು ಮೇಲೇರಿತು. ಬೇಕರಿಯಕ್ಕ ಬಗ್ಗಿ ನೋಡಿದಳು. ಗಂಡ ಎರಡು ಕೈಯಲ್ಲಿ ಮಕ್ಕಳನ್ನು ಎತ್ತಿ ಕೂರಿಸುತ್ತ, ತಲೆ ಎಣಿಸುತ್ತ, ಅತ್ತ ಇತ್ತ ಓಡಾಡುತ್ತಿದ್ದ. ಹತ್ತು ವರ್ಷ ಚಿಕ್ಕವನಾದಂತೆ ಕಂಡ. ಮುದುಕಿ ಕಂಬಿಯನ್ನು ಗಟ್ಟಿಯಾಗಿ ಹಿಡಿದಿದ್ದರು, ಬಾಯಿ ಮಗುವಿನಂತೆ ತೆರೆದಿತ್ತು. "ಅಗೋ, ಅಗೋ ನಿನ್ನ ಬೇಕರಿ ಹೊಗೆ!" ಎಂದು ಕೂಗಿದರು.

ತೊಟ್ಟಿಲುಗಳೆಲ್ಲ ತುಂಬಿ, ಎರಡನೆಯ ಸುತ್ತಿಗೆ ಅವರ ತೊಟ್ಟಿಲು ಎಲ್ಲಕ್ಕಿಂತ ಮೇಲೆ ಬಂದಾಗ ರಾಟೆ ನಿಂತಿತು.

ಯಾರನ್ನೋ ಇಳಿಸುತ್ತಿದ್ದಾನೆ ಎಂದುಕೊಂಡರು. ಐದು ನಿಮಿಷವಾಯಿತು. ಹತ್ತಾಯಿತು. ಕೆಳಗೆ ಕಾವಲಿನವರು ಓಡಿ ಬಂದರು. ಇಬ್ಬರು ಗಂಡನ ತೋಳು ಹಿಡಿದುಕೊಂಡರು. ಅವನು ಕೊಸರಾಡಲಿಲ್ಲ, ಮೇಲೆ ನೋಡಿ ಏನೋ ಕೂಗುತ್ತಿದ್ದ. ಆ ಎತ್ತರಕ್ಕೆ ಅವನ ಮಾತು ಬರಲಿಲ್ಲ. ಧ್ವನಿವರ್ಧಕದಿಂದ ಒಂದು ಹೆಣ್ಣುದನಿ ಮಾತ್ರ ಮತ್ತೆ ಮತ್ತೆ ಬಂತು: ತಾಂತ್ರಿಕ ಕಾರಣದಿಂದ ಆಟವನ್ನು ನಿಲ್ಲಿಸಲಾಗಿದೆ, ದಯವಿಟ್ಟು ಸಹಕರಿಸಿ.

ತಲೆಯ ಮೇಲೆ ನೆರಳಿರಲಿಲ್ಲ. ಬೇಕರಿಯಕ್ಕ ಸೆರಗನ್ನು ಅತ್ತೆಯ ತಲೆಗೆ ಹಿಡಿದಳು. ಕಾಲು ಗಂಟೆಯಾದ ಮೇಲೆ ಮುದುಕಿ ಪಿಸುಗುಟ್ಟಿದರು.

"ನನಗೆ ಹೋಗ್ಬೇಕು ಕಣೆ."

"ಎಲ್ಲಿಗೆ ಅತ್ತೆ?"

"ಬಚ್ಚಲಿಗೆ."

"ಇನ್ನೇನು, ಇಳಿಸಿಬಿಡ್ತಾರೆ. ಸ್ವಲ್ಪ ತಡ್ಕೊಳ್ಳಿ."

ಮುದುಕಿ ಕಣ್ಣು ಮುಚ್ಚಿ, ತುಟಿ ಕಚ್ಚಿಕೊಂಡು ತಡೆದರು. ಎಷ್ಟೋ ಹೊತ್ತು ತಡೆದರು. ಆಮೇಲೆ ಬೇಕರಿಯಕ್ಕನ ಕಾಲ ಬಳಿ ಬೆಚ್ಚಗೆ ಹರಿದು ತೊಟ್ಟಿಲಿನ ಅಂಚಿನಿಂದ ಕೆಳಗೆ ತೊಟ್ಟಿಕ್ಕಿತು. ಕೆಳಗಿನ ತೊಟ್ಟಿಲಿನ ಹುಡುಗರು ಮೇಲೆ ನೋಡಿ ಕೂಗಿದರು, ಆಮೇಲೆ ನಕ್ಕರು. ಅತ್ತೆ ಸೊಸೆಯ ಮುಖ ನೋಡಲಿಲ್ಲ. ನಲವತ್ತನೆಯ ನಿಮಿಷಕ್ಕೆ ರಾಟೆ ಅಲುಗಿತು. ಇಳಿಯುವಾಗ ಗಂಡ ಅಲ್ಲಿರಲಿಲ್ಲ, ಅವನನ್ನು ಕಚೇರಿಗೆ ಕರೆದೊಯ್ದಿದ್ದರು. ಫೋನು ಎತ್ತಿ ಹಿಡಿದು ವಿಡಿಯೊ ತೆಗೆಯುತ್ತಿದ್ದವರ ಸಾಲಿನ ನಡುವೆ ಬೇಕರಿಯಕ್ಕ ಒದ್ದೆ ನೀಲಿ ಸೀರೆಗೆ ಚೀಲ ಅಡ್ಡ ಹಿಡಿದು ಮುದುಕಿಯನ್ನು ನಡೆಸಿಕೊಂಡು ಹೋದಳು.

ಮನೆಗೆ ಬಂದು ಸ್ನಾನ ಮಾಡಿಸಿ ಮಲಗಿಸಿದಳು. ರಾಟೆಯಣ್ಣ ಬಂದು ಕೂತ. ಕೆಲಸದಿಂದ ತಡೆಹಿಡಿದಿದ್ದಾರೆ, ವಿಚಾರಣೆ ಆಗುವವರೆಗೆ ಪಾರ್ಕಿಗೆ ಕಾಲಿಡುವಂತಿಲ್ಲ ಎಂದ. "ನಿಲ್ಲಿಸಿದ್ದು ಯಾರು ಅಂತ ಗೊತ್ತಿಲ್ಲ. ಯಾವನೋ ನಿಯಂತ್ರಣ ಕೊಠಡಿಯಲ್ಲಿ ಕೂತೋನು. ಅವನಿಗೆ ಅಪ್ಪ ಅಮ್ಮ ಇಲ್ವಾ? ಮೇಲೆ ಮುದುಕಿ ಇದಾಳೆ ಅಂತ ಕಾಣಲ್ವಾ?"

ಚೂಟಿ ಬಂದಾಗ ಕತ್ತಲಾಗುತ್ತಿತ್ತು. ಊಟ ಬೇಡವೆಂದು ಸೀದಾ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ಕೂತಳು. ತಾಯಿ ನೀಲಿ ಸೀರೆ ಒಗೆಯುತ್ತಿದ್ದಳು.

"ಅಮ್ಮಾ, ಅದು ಅಜ್ಜಿಯದಾ?"

"ಹ್ಞೂಂ."

"ಬಟನ್ ಒತ್ತಿದ್ದು ನಾನು."

ಬೇಕರಿಯಕ್ಕನ ಕೈ ಸಾಬೂನಿನಲ್ಲೇ ನಿಂತಿತು.

"ಆಟಗಳ ಲೆಕ್ಕ, ನಿಲ್ಲಿಸೋ ಬಟನ್ ಎಲ್ಲಾ ಸಹಾಯ ಕೇಂದ್ರದಲ್ಲೇ ಇದೆ. ನನ್ನ ಪರದೆಯಲ್ಲಿ ಬಂತು. ಸ್ಕ್ಯಾನ್ ಆದವರು ಹತ್ತೊಂಬತ್ತು, ಮೇಲೆ ಇರೋರು ಅರವತ್ತೊಂದು. ಸೀಟಲ್ಲಿ ಕೂತ್ರೆ ಅದಕ್ಕೆ ಗೊತ್ತಾಗುತ್ತೆ. ಲೆಕ್ಕ ತಪ್ಪಿದ್ರೆ ನಿಲ್ಲಿಸಬೇಕು, ನಿಯಮ. ನಿಲ್ಲಿಸಿದ ಮೇಲೆ ಇಂಜಿನಿಯರ್ ಬಂದು ನೋಡೋವರೆಗೂ ಬಿಡೋ ಹಾಗಿಲ್ಲ. ಜನ ನುಗ್ಗಿದಾರೆ, ಅಪ್ಪನಿಗೆ ಏನೋ ಆಯ್ತು ಅಂತ ಅಂದ್ಕೊಂಡೆ. ನಿಮ್ಮ ಸರದಿ ರದ್ದು ಅಂತ ಆಗ್ಲೇ ಬಂದಿತ್ತು. ನೀವು ಮೇಲಿಲ್ಲ ಅಂದ್ಕೊಂಡೆ ಅಮ್ಮ."

ಬೇಕರಿಯಕ್ಕ ಸೀರೆಯನ್ನು ಮತ್ತೆ ನೀರಿಗೆ ಅದ್ದಿದಳು. "ನಿಮ್ಮಪ್ಪನಿಗೆ ಹೇಳಬೇಡ," ಎಂದಳು. ಹೇಳಿದ ಮೇಲೆ, ಅದಕ್ಕಿಂತ ಒಳ್ಳೆಯ ಮಾತೊಂದು ಇರಬೇಕಿತ್ತು ಅನ್ನಿಸಿತು. ಹುಡುಕಿದಳು, ಸಿಗಲಿಲ್ಲ.

ಅಲ್ಲಿಂದ ಮೂರು ವಾರ ಮನೆಯಲ್ಲಿ ಊಟ ಎರಡು ಪಂಕ್ತಿಯಾಯಿತು. ಚೂಟಿ ಅಪ್ಪ ಏಳುವ ಮುಂಚೆ ಹೋಗುತ್ತಿದ್ದಳು, ಅವನು ಉಂಡ ಮೇಲೆ ಬರುತ್ತಿದ್ದಳು. ರಾಟೆಯಣ್ಣ ಹಗಲೆಲ್ಲ ಮನೆಯಲ್ಲಿದ್ದ. ಕಿಟಕಿಯ ಚಿಲಕ ಸರಿಮಾಡಿದ, ನಲ್ಲಿಯ ಸೋರಿಕೆ ನಿಲ್ಲಿಸಿದ, ಕುರ್ಚಿಯ ಕಾಲಿಗೆ ಮೊಳೆ ಹೊಡೆದ. ಆಮೇಲೆ ಸರಿಮಾಡಲು ಏನೂ ಉಳಿಯಲಿಲ್ಲ. ಮುದುಕಿ ಬೀದಿಗೆ ಇಳಿಯುವುದನ್ನು ಬಿಟ್ಟರು. ನೀರು ಕುಡಿಯುವುದನ್ನೂ ಕಡಿಮೆ ಮಾಡಿದರು.

"ಅತ್ತೆ, ಒಂದು ಲೋಟ ಕುಡೀರಿ. ನಾಲಿಗೆ ಒಣಗಿದೆ."

"ಬೇಡ ತಾಯಿ. ಕುಡಿದ್ರೆ ಹೋಗ್ಬೇಕಾಗುತ್ತೆ."

"ಮನೇಲೇ ಇದೀರಲ್ಲ!"

"ಆದ್ರೂ."

ಪಕ್ಕದ ಮನೆಯವರ ಫೋನಿನಲ್ಲಿ ರಾಟೆಯ ವಿಡಿಯೊ ಬಂದಿತ್ತು. ಯಾರೂ ಮುಖಕ್ಕೆ ಹೇಳಲಿಲ್ಲ, ಆದರೆ ಬೇಕರಿಯಲ್ಲಿ ಜೊತೆಯವಳೊಬ್ಬಳು ಪೊಟ್ಟಣ ಕಟ್ಟುತ್ತ, "ನಿಮ್ಮತ್ತೆ ಈಗ ಹೇಗಿದಾರೆ?" ಎಂದು ಕೇಳಿದ ದನಿಯಲ್ಲೇ ಎಲ್ಲ ಗೊತ್ತಾಯಿತು.

ನಾಲ್ಕನೆಯ ವಾರ ಪಾರ್ಕಿನ ಆಳಿನ ಕೈಯಲ್ಲಿ ಕಾಗದ ಬಂತು. ಅದು ಭಾನುವಾರ, ಮಗಳಿಗೂ ಅಪರೂಪಕ್ಕೆ ರಜೆ. ಬೇಕರಿಯಕ್ಕ ಹಟ ಹಿಡಿದು ನಾಲ್ವರನ್ನೂ ಒಟ್ಟಿಗೆ ಕೂರಿಸಿದ್ದಳು. ಕೋಸು ಹಾಕಿ ಅನ್ನ ಮಾಡಿದ್ದಳು. ರಾಟೆಯಣ್ಣ ಲಕೋಟೆ ಹರಿದು ಓದಿದ. ಕೆಲಸದಿಂದ ವಜಾ ಮಾಡಲಾಗಿದೆ ಎಂಬ ಸಾಲನ್ನು ಗಟ್ಟಿಯಾಗಿಯೇ ಓದಿದ. ಎರಡನೆಯ ಹಾಳೆ ಘಟನೆಯ ವರದಿ. ಅದನ್ನು ಮನಸ್ಸಿನಲ್ಲೇ ಓದತೊಡಗಿದವನು ನಡುವೆ ನಿಂತ. ವರದಿಯಲ್ಲಿ ಹೆಸರಿರಲಿಲ್ಲ, ಸಿಬ್ಬಂದಿಯ ಸಂಖ್ಯೆಯಿತ್ತು. ಮಗಳು ಕೆಲಸಕ್ಕೆ ಸೇರಿದ ದಿನ ಆ ಸಂಖ್ಯೆಯ ಬಿಲ್ಲೆಯನ್ನು ಅವಳ ಅಂಗಿಗೆ ಚುಚ್ಚಿದ್ದವನು ಅವನೇ.

ಅವನು ಹಾಳೆಯನ್ನು ಮಡಿಸಿ ತಟ್ಟೆಯ ಪಕ್ಕದಲ್ಲಿಟ್ಟ.

"ನಿನ್ನ ಪರದೆಯಲ್ಲಿ ಎಷ್ಟು ಜನ ಅಂತ ಬಂತು?"

"ಅರವತ್ತೊಂದು," ಎಂದಳು ಚೂಟಿ.

"ಅರವತ್ತಮೂರು. ಏಳನೇ ತೊಟ್ಟಿಲಲ್ಲಿ ಒಂದು ಮಗು, ಹನ್ನೆರಡನೇದರಲ್ಲಿ ಒಂದು ಮಗು ಅಮ್ಮನ ಮಡಿಲಲ್ಲಿದ್ವು. ನಿನ್ನ ಮಿಷನ್ನಿಗೆ ಅದು ಗೊತ್ತಾಗಲ್ಲ."

"ಅಪ್ಪಾ..."

"ಕಂಬಿ ನಾನೇ ಹಾಕಿದೆ. ಒಂದೊಂದೂ ಎಳೆದು ನೋಡಿದೀನಿ. ಹತ್ತೊಂಬತ್ತು ವರ್ಷದಲ್ಲಿ ಒಂದು ಮಗೂಗೂ ಏನೂ ಆಗಿಲ್ಲ. ಅದನ್ನ ಈ ವರದಿಯಲ್ಲಿ ಬರೆದಿಲ್ಲ ನೀನು."

"ಅದಕ್ಕೆ ಜಾಗ ಇರಲಿಲ್ಲ ಅಪ್ಪ. ಎಷ್ಟು ಜನ, ಎಷ್ಟು ಗಂಟೆ, ಅಷ್ಟೇ ತುಂಬಿಸೋಕೆ ಇರೋದು. ಬೈಯಿ ಅಪ್ಪ. ಒಂದು ಸಲ ಬೈದುಬಿಡು. ಹೊಡೆದ್ರೂ ಹೊಡಿ."

"ಯಾಕೆ ಬೈಲಿ? ನೀನು ನಿನ್ನ ಕೆಲಸ ಮಾಡ್ದೆ." ಅನ್ನ ಕಲಸಿ ತುತ್ತು ಬಾಯಿಗಿಟ್ಟುಕೊಂಡ. ಅಗಿದ. "ನಾನೂ ನನ್ನ ಕೆಲಸಾನೇ ಮಾಡ್ದೆ."

ಅಷ್ಟೇ. ಅವನು ಉಂಡು ಕೈತೊಳೆದು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಹಾಡುಹಗಲು. ಬೈದಿದ್ದರೆ, ತಟ್ಟೆ ಎಸೆದಿದ್ದರೆ, ಬೇಕರಿಯಕ್ಕ ನಡುವೆ ಹೋಗಿ ಬಿಡಿಸುತ್ತಿದ್ದಳು, ಅದು ಅವಳಿಗೆ ಗೊತ್ತಿದ್ದ ಕೆಲಸ. ಇದನ್ನು ಯಾವ ಕಡೆಯಿಂದ ಹಿಡಿಯಬೇಕೆಂದೇ ತಿಳಿಯಲಿಲ್ಲ.

ಅವನು ತರಕಾರಿ ಮಂಡಿಯಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ. ಐವತ್ತೊಂದು ವರ್ಷದ ಬೆನ್ನು. ಮಗಳೊಡನೆ ಮಾತು ಬಿಟ್ಟಿರಲಿಲ್ಲ. "ಛತ್ರಿ ತಗೊಂಡ್ಯಾ?" ಎನ್ನುತ್ತಿದ್ದ, "ಬಾಗಿಲು ಹಾಕ್ಕೋ" ಎನ್ನುತ್ತಿದ್ದ. ಬಾಡಿಗೆಗಿರುವವರೊಡನೆ ಆಡುವ ಮಾತು. ಹದಿನೈದು ದಿನ ಅದನ್ನು ತಡೆದುಕೊಂಡ ಚೂಟಿ, ಪಾರ್ಕಿನ ಹತ್ತಿರ ಜೊತೆಯ ಹುಡುಗಿಯರ ಕೋಣೆಯಲ್ಲಿ ಒಂದು ಹಾಸಿಗೆ ಖಾಲಿಯಿದೆ ಎಂದು ತಾಯಿಗೆ ಹೇಳಿದಳು.

"ಆ ಕೆಲಸ ಬಿಟ್ಟುಬಿಡೇ," ಎಂದಳು ಬೇಕರಿಯಕ್ಕ.

"ಬಿಟ್ರೆ ಮನೆ ಹೇಗೆ ನಡೆಯುತ್ತೆ ಅಮ್ಮ? ಅಪ್ಪ ಎಷ್ಟು ದಿನ ಹೊರ್ತಾನೆ?"

ಹೊರಡುವ ಸಂಜೆ ಚೂಟಿ ಚೀಲವನ್ನು ಬಾಗಿಲ ಬಳಿ ಇಟ್ಟು ಅಜ್ಜಿಯ ಹಾಸಿಗೆಯ ಹತ್ತಿರ ನೆಲದ ಮೇಲೆ ಕೂತಳು. ಅಜ್ಜಿಯ ಕೈ ಹಿಡಿದುಕೊಂಡಳು. ಕೈ ಕಡ್ಡಿಯಂತಾಗಿತ್ತು.

"ಅಜ್ಜಿ, ತಪ್ಪಾಯ್ತು."

"ನಿಂದೇನು ತಪ್ಪು ಮಗಾ?" ಮುದುಕಿ ಅವಳ ತಲೆ ಸವರಿದರು. "ಆಸೆ ಪಟ್ಟೋಳು ನಾನು. ಎಪ್ಪತ್ತೆಂಟು ವರ್ಷ ಏನೂ ಆಸೆ ಪಡದೆ ಇದ್ದೆ. ಇನ್ನೊಂದೆರಡು ವರ್ಷ ಹಾಗೇ ಇದ್ದಿದ್ರೆ ಆಗ್ತಿತ್ತು. ಅವನ ಕೆಲಸ ಇರ್ತಿತ್ತು. ನೀನು ಮನೇಲಿ ಇರ್ತಿದ್ದೆ."

"ಹಾಗನ್ನಬೇಡ ಅಜ್ಜಿ."

"ಅಂದ್ರೇನು, ಅನ್ನದಿದ್ರೇನು. ಹೋಗು, ಬಸ್ಸು ತಪ್ಪೀತು."

ಬೇಕರಿಯಕ್ಕ ಡಬ್ಬಿಗೆ ಊಟ ಹಾಕುತ್ತೇನೆಂದರೆ ಚೂಟಿ ಬೇಡವೆಂದಳು. ಅಪ್ಪ ಬರುವ ಮುಂಚೆ ಹೋಗಬೇಕಿತ್ತು ಅವಳಿಗೆ. ಐದು ಗಂಟೆಯ ಬಸ್ಸಿಗೆ ಹೋದಳು.

ರಾಟೆಯಣ್ಣ ಬಂದದ್ದು ಏಳಕ್ಕೆ. ಹೆಗಲ ಮೇಲೆ ಗೋಣಿಯ ನಾರು ಅಂಟಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದವನು ಗೂಟದಲ್ಲಿ ಮಗಳ ಚೀಲವಿಲ್ಲದ್ದನ್ನು ಕಂಡ. ಅವಳ ಹಾಸಿಗೆ ಸುತ್ತಿಟ್ಟಿತ್ತು.

"ಹೋದ್ಲಾ?"

"ಹ್ಞೂಂ."

"ಊಟ ಮಾಡಿ ಹೋದ್ಲಾ?"

"ಇಲ್ಲ."

ಅವನು ಅಡುಗೆಮನೆಗೆ ಹೋಗಿ ಡಬ್ಬಿ ಹುಡುಕಿದ. ಅನ್ನ ಹಾಕಿದ, ಬೇಳೆ ಹಾಕಿದ, ಮುಚ್ಚಳ ಗಟ್ಟಿಯಾಗಿ ಕೂತಿತೇ ಎಂದು ಎರಡು ಸಲ ಒತ್ತಿ ನೋಡಿದ. ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಮತ್ತೆ ಚಪ್ಪಲಿ ಮೆಟ್ಟಿದ.

"ರೀ, ಬಸ್ಸು ಹೋಗಿ ಎರಡು ಗಂಟೆ ಆಯ್ತು," ಎಂದಳು ಬೇಕರಿಯಕ್ಕ. "ಇನ್ನು ನಾಳೆ ಬೆಳಿಗ್ಗೆವರೆಗೂ ಬಸ್ಸಿಲ್ಲ."

"ಗೊತ್ತು," ಎಂದು ಅವನು ಬಾಗಿಲು ಎಳೆದುಕೊಂಡು ಹೊರಟ.

ಅವಳು ಕಿಟಕಿಗೆ ಬಂದಳು. ಅವನು ಡಬ್ಬಿಯನ್ನು ಎದೆಗೆ ಒತ್ತಿಕೊಂಡು, ಬೆನ್ನು ನೋವಿಗೆ ಒಂದು ಕಡೆ ವಾಲಿಕೊಂಡು, ಬೀದಿಯ ಕೊನೆಯ ಬಸ್ ನಿಲ್ದಾಣದ ಕಡೆ ನಡೆಯುತ್ತಿದ್ದ. ಅಲ್ಲಿ ಯಾರೂ ಇರಲಿಲ್ಲ. ಅವನು ಹೋಗಿ ಬೆಂಚಿನ ಮೇಲೆ ಕೂತ.

"ಎಲ್ಲಿಗೆ ಹೋದ ಅವನು, ಈಗ ತಾನೇ ಬಂದೋನು?" ಒಳಗಿನಿಂದ ಅತ್ತೆ ಕೇಳಿದರು.

ಬೇಕರಿಯಕ್ಕ ಕಿಟಕಿಯ ಕಂಬಿ ಹಿಡಿದು ನಿಂತಿದ್ದಳು. ಅತ್ತೆ ಇನ್ನೊಂದು ಸಲ ಕೇಳಿದರು.